ಹದಿನೆಂಟನೇ ಗಡ್ಡ

ಮದುವೆಮನೆಯಲ್ಲಿ ಗಂಡಿನ ತಂದೆ ಹಾಲಪ್ಪನವರು ಕ್ಷೌರದವನ ಎದುರೇ ಕುರ್ಚಿ ಹಾಕಿಸಿಕೊಂಡು ಕೂತರು. "ಮುಹೂರ್ತಕ್ಕೆ ಮುಂಚೆ ನಮ್ಮ ಕಡೆಯ ಎಲ್ಲರ ಗಡ್ಡವೂ ಆಗಬೇಕು. ನಡುವೆ ಕಾಫಿ ಗೀಫಿ ಅಂತ ಕೈ ನಿಲ್ಲಿಸಕೂಡದು!"

ಐದು ಗಡ್ಡಕ್ಕೊಮ್ಮೆ ಕೂತು ದಣಿವಾರಿಸಿಕೊಳ್ಳುವ ಮನುಷ್ಯ ಅವನು. ಅವತ್ತು ಒಂದೇ ಸಮನೆ ಹದಿನೇಳು ಮುಗಿಸಿದ. ಹದಿನೆಂಟನೆಯದು ಹಾಲಪ್ಪನವರದೇ. ಅರ್ಧ ಮುಖ ಬೋಳಿಸಿ, ಕತ್ತಿಯನ್ನು ಗಂಟಲ ಮೇಲಿಟ್ಟ.

"ಏನಯ್ಯ, ಕತ್ತಿ ನಡುಗ್ತಿದೆ?"

"ಕೈ ಸೋತಿದೆ ಸ್ವಾಮಿ, ಅಲ್ಲಾಡಬೇಡಿ. ಆಗಲಿಂದ ಕಣ್ಣೂ ಮಂಜು ಮಂಜು. ಆದರೂ ತಮ್ಮ ಅಪ್ಪಣೆ, ನಿಲ್ಲಿಸಲ್ಲ."

ಹಾಲಪ್ಪನವರು ಉಗುಳು ನುಂಗಲೂ ಹೆದರಿದರು. "ಕತ್ತಿ ತೆಗಿ. ಮೊದಲು ಕೂತ್ಕೋ!"

ಓಲಗ ಶುರುವಾಯಿತು. ಬೀಗರು ಹುಡುಕಿಕೊಂಡು ಬಂದರೆ, ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡ ಹಾಲಪ್ಪನವರು ಅವನಿಗಾಗಿ ಲೋಟದಿಂದ ಲೋಟಕ್ಕೆ ಕಾಫಿ ಆರಿಸುತ್ತಿದ್ದಾರೆ.

"ಬಿಸಿ ಇದೆಯಪ್ಪ, ನಿಧಾನವಾಗಿ ಕುಡಿ. ಮುಹೂರ್ತಕ್ಕೇನು ಅವಸರ?"