ಊಟ ಆಯ್ತಾ, ಯಾವಾಗ ಬರ್ತೀರಿ

“ಗುರುಗಳೇ, ಮಠದ ಫೋನಿನಲ್ಲಿ ನಾನು ಐದು ಭಾಷೆಗಳಲ್ಲಿ ಬರೆಯುತ್ತೇನೆ. ಎಲ್ಲಿಯ ಭಕ್ತರು ಕೇಳಿದರೂ ಅವರ ಲಿಪಿಯಲ್ಲೇ ಉತ್ತರ. ಇನ್ನು ಯಾವ ಭಾಷೆ ಕಲಿಯಲಿ?” ಎಂದು ಶಿಷ್ಯ ಕೇಳಿದ.

ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಹಿಂದಿನ ದಿನ ಗುರುಗಳಿಗೇ ಫೋನು ಮಾಡಿ, “ತಮ್ಮ ಚೆನ್ನಾಗಿದ್ದಾನಾ ಬುದ್ಧೀ? ಏನು ಬರೆದರೂ ಬರೀ ಕೈಮುಗಿದ ಚಿತ್ರ ಕಳಿಸ್ತಾನೆ” ಎಂದಿದ್ದಳು. ಗುರುಗಳು ಆ ಮಾತು ಎತ್ತಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಮೆಣಸಿನಕಾಯಿ ವ್ಯಾಪಾರಿ. ತೆಲುಗರಿಗೆ ತೆಲುಗಿನಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ, ತಮಿಳರಿಗೆ ತಮಿಳಿನಲ್ಲಿ ಫೋನಿನಲ್ಲೇ ಬರೆದು ಮಾಲು ಮಾರುತ್ತಿದ್ದ. ತಿಂಗಳಲ್ಲಿ ಇಪ್ಪತ್ತು ದಿನ ಪರಊರು. ಮನೆಯಲ್ಲಿ ಹೆಂಡತಿ. ಮದುವೆಯಾದ ಎರಡನೇ ವರ್ಷ ಜ್ವರ ಬಂದು ಅವಳ ಕಿವಿ ಹೋಗಿತ್ತು. ಓದಲು ಬರುತ್ತಿದ್ದದ್ದು ಕನ್ನಡ ಒಂದೇ. ದೂರದಲ್ಲಿರುವ ಗಂಡನ ಮಾತು ಅವಳಿಗೆ ಸಿಗಬೇಕಾದರೆ ಅವನು ಬರೆಯಬೇಕಿತ್ತು.

ದಿನವೂ ಮಧ್ಯಾಹ್ನ ಅವಳು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಬರೆಯುತ್ತಿದ್ದಳು: “ಊಟ ಆಯ್ತಾ? ಯಾವಾಗ ಬರ್ತೀರಿ?” ಅವನು ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸುತ್ತಿದ್ದ. ಕೆಟ್ಟವನಲ್ಲ ಪಾಪ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಜಾತಿಯೂ ಅಲ್ಲ. ಮನೆಯವಳಲ್ಲವೇ, ಆಮೇಲೆ ಬರೆದರಾಯಿತು ಎಂದುಕೊಂಡಿದ್ದ, ಅಷ್ಟೇ.

ಒಂದು ಮಧ್ಯಾಹ್ನ ಅವಳು ಬರೆದಳು: “ಎದೆ ನೋಯ್ತಿದೆ. ಬೇಗ ಬನ್ನಿ.” ಅವನು ಸರಕಿನ ಮಾತುಕತೆಯಲ್ಲಿದ್ದ. ದಿನದ ಮಾತೇ ಇರಬೇಕೆಂದು ಓದದೆ ಹೆಬ್ಬೆರಳು ಒತ್ತಿದ. ಗಂಡ ಹೊರಟನೆಂದು ನಂಬಿ ಅವಳು ಯಾರನ್ನೂ ಕರೆಯದೆ ಕಾದಳು. ಮರುದಿನ ಪಕ್ಕದ ಮನೆಯವರಿಂದ ಸುದ್ದಿ ತಿಳಿದು ಅವನು ಓಡಿ ಬಂದಾಗ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಬಂದ ಮೇಲೆ, ತಿಥಿಗೆ ಅವಳ ತವರಿನವರನ್ನು ಕರೆಯಲು ಅವಳದೇ ಫೋನು ತೆಗೆದ. ಊರಿಗೆ ಬನ್ನಿ ಎಂದು ಬರೆಯಲು ‘ಊ’ ಹುಡುಕಿ ಒತ್ತಿದ. ದಿನವೂ ಬರೆದ ಮಾತನ್ನು ಫೋನು ನೆನಪಿಟ್ಟುಕೊಂಡಿರುತ್ತದೆ. ‘ಊಟ’ ಎಂದು ಅದೇ ಮುಂದಿಟ್ಟಿತು. ಒತ್ತಿದ. ‘ಆಯ್ತಾ’ ಬಂತು. ಒತ್ತಿದ. ‘ಯಾವಾಗ’ ಬಂತು. ‘ಬರ್ತೀರಿ’ ಬಂತು.

ಅವನು ಗೋಳೋ ಎಂದು ಅತ್ತ. ಆಮೇಲೆ ತನ್ನ ಫೋನು ತೆಗೆದು ಉತ್ತರ ಬರೆಯಲು ಕೂತ. ಅಷ್ಟು ಲಿಪಿ ಬಲ್ಲ ಕೈಗೆ ಕನ್ನಡದ ‘ಬ’ ಎಲ್ಲಿದೆ ಎಂದು ತಿಳಿಯಲಿಲ್ಲ. ಬಹಳ ಹೊತ್ತು ಹುಡುಕಿ ‘ಬಂದೆ’ ಎಂದು ಬರೆದು ಕಳಿಸಿದ. ಅವನ ತೊಡೆಯ ಮೇಲಿದ್ದ ಅವಳ ಫೋನು ಒಮ್ಮೆ ನಡುಗಿ ಸುಮ್ಮನಾಯಿತು.

ಕತೆ ಮುಗಿಸಿ ಗುರುಗಳು ಶಿಷ್ಯನ ಕೈಯಲ್ಲಿದ್ದ ಫೋನನ್ನು ನೋಡಿದರು.

“ನಿನ್ನ ಅಕ್ಕನಿಗೆಂದು ಒಂದಕ್ಷರ ಒತ್ತಪ್ಪಾ, ಅದು ಯಾವ ಮಾತು ತಂದುಕೊಡುತ್ತದೋ ನೋಡೋಣ.”

ಶಿಷ್ಯ ಫೋನಿನಲ್ಲಿ ‘ಅ’ ಎಲ್ಲಿದೆ ಎಂದು ಹುಡುಕತೊಡಗಿದ.