ಗರ್ಜಿಸಿದ ಹುಳಿ

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಗೂ ಇನ್ನೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ಹೊಳೆ ದಡದಲ್ಲಿ ತೆಪ್ಪ ನಡೆಸೋ ಮುದ್ದಯ್ಯ ಅಂತ ಒಬ್ಬ ಇದ್ನಂತೆ. ಅವನ ಹೆಂಡ್ತಿ ಚಿಕ್ಕತಾಯಿ, ಒಬ್ಬಳೇ ಮಗಳು ಕೆಂಪಾಜಿ. ಕೆಂಪಾಜಿಗೆ ನಿನ್ನಷ್ಟೇ ವಯಸ್ಸು ಅಂದ್ಕೋ, ಈಗಿನ ಲೆಕ್ಕದಲ್ಲಿ ಆರೋ ಏಳೋ ಕ್ಲಾಸು. ಕಾಲು ಒದರಬೇಡ, ಸುಮ್ನೆ ಮಲಗಿ ಕೇಳು.

ಆ ಹುಡುಗಿ ಚಿಕ್ಕೋಳಿದ್ದಾಗ ಚಿಕ್ಕತಾಯಿ ದಿನಾ ತೊಡೆ ಮೇಲೆ ಮಲಗಿಸ್ಕೊಂಡು ಕತೆ ಹೇಳೋಳಂತೆ. ಆಮೇಲೆ ಅಕ್ಷರ ಬಂತಲ್ಲ, ಇನ್ನು ನೀನೇ ಓದ್ಕೋ, ದೊಡ್ಡವಳಾದೆ ಅಂತ ಬಿಟ್ಟೇಬಿಟ್ಟಳಂತೆ. ಅವತ್ತಿನಿಂದ ಹುಡುಗಿಗೆ ಕನಸು ಬೀಳೋದೇ ನಿಂತುಹೋಯ್ತಂತೆ. ಕಣ್ಣು ಮುಚ್ಚಿದ್ರೆ ಬರೀ ಕತ್ತಲೆ. ಮುಖ ಬಾಡ್ತು, ನಗು ಹೋಯ್ತು, ತುತ್ತು ಬಾಯಿಗಿಟ್ರೂ ಅಗಿಯೋದು ಮರೆತು ಕೂತಿರೋಳಂತೆ. ಹೆತ್ತ ಕರುಳು ಕೇಳುತ್ತಾ? ಚಿಕ್ಕತಾಯಿ ಸೆರಗಲ್ಲಿ ಕಣ್ಣೊರೆಸ್ಕೊಂಡೇ ಓಡಾಡೋಳಂತೆ.

ಒಂದು ಸಂಜೆ ಮಂಜು ಕವಿದ ಹೊಳೆ ದಾಟಿ ಒಬ್ಬ ಮುದುಕಿ ಬಂದಳಂತೆ, ತಲೆ ಮೇಲೆ ಮುಚ್ಚಿದ ಬುಟ್ಟಿ, ಬುಟ್ಟಿಯೊಳಗಿಂದ ಒಂದ್ಸಲ ನವಿಲು ಕೂಗಿದ ಸದ್ದು, ಒಂದ್ಸಲ ಸಮುದ್ರ ಮೊರೆದ ಸದ್ದು. ಏನಜ್ಜಿ ಅದು ಅಂತ ಚಿಕ್ಕತಾಯಿ ಕೇಳಿದ್ರೆ, ಕನಸು ಕಣವ್ವ, ಮನೆಮನೆಗೆ ಹಂಚ್ತೀನಿ ಅಂದಳಂತೆ. ಮತ್ತೆ ನಮ್ಮನೆಗ್ಯಾಕೆ ಬರಲ್ಲ ಅಂತ ಇವಳು ಜಗಳಕ್ಕೇ ನಿಂತಳಂತೆ. ಮುದುಕಿ, ನಂಗೆ ಕಣ್ಣು ಕಾಣಲ್ಲ ತಾಯಿ, ಕತೆ ಸದ್ದು ಹಿಡ್ಕೊಂಡು ಮನೆ ಹುಡುಕ್ತೀನಿ, ನಿನ್ನ ಮನೇಲಿ ಸದ್ದು ಯಾವತ್ತೋ ನಿಂತ್ಹೋಯ್ತಲ್ಲ ಅಂತ ಹೇಳಿ ಮಂಜಿನೊಳಗೆ ಕರಗಿಹೋದಳಂತೆ.

ಮುದ್ದಯ್ಯ ಇದನ್ನ ಕೇಳಿದ್ದೇ ತಡ, ಅಷ್ಟೇ ತಾನೆ, ಓದಿಸಿದ್ರಾಯ್ತು ಅಂತ ಮಗಳ ಕೈಗೆ ಕತೆಪುಸ್ತಕ ಕೊಟ್ಟು, ಗೋಡೆಗೆ ಮುಖ ಮಾಡಿ ಕೂರಿಸಿ ಗದರಿದನಂತೆ. ಅವಳು ಓದಿದ್ಲು, ಮಗ್ಗಿ ಒಪ್ಪಿಸೋ ಹಾಗೆ. ಆ ಸದ್ದಿಗೆ ಮುದುಕಿ ಇರ್ಲಿ, ಒಂದು ಹಲ್ಲೀನೂ ಹತ್ರ ಬರ್ಲಿಲ್ಲವಂತೆ. ಆಮೇಲೆ ಹಾಳೆಗೊಂದು ಕೊಬ್ಬರಿ ಮಿಠಾಯಿ ಕೊಡ್ತೀನಿ ಅಂದನಂತೆ. ಹುಡುಗಿ ಪಟಪಟ ಅಂತ ಹಾಳೆ ತಿರುವಿ, ಮಿಠಾಯಿ ಮುಕ್ಕಿ, ಹೊಟ್ಟೆನೋವು ತರಿಸ್ಕೊಂಡಳಂತೆ. ಗಂಡಸರ ಬುದ್ಧಿಗೆ ಏನ್ ಹೇಳೋಣ!

ಆಗ ಚಿಕ್ಕತಾಯಿ, ನಿಲ್ಲಿಸಿದೋಳು ನಾನು, ಶುರು ಮಾಡ್ಬೇಕಾದೋಳೂ ನಾನೇ ಅಂದಳಂತೆ. ಅವಳಿಗೋ ಅರೆಬರೆ ಅಕ್ಷರ, ಲ ಯಾವುದು ಳ ಯಾವುದು ಗೊತ್ತಾಗ್ತಿರ್ಲಿಲ್ಲ. ಆದ್ರೂ ದೀಪ ಹಚ್ಚಿ, ಮಗಳನ್ನ ಕರೀಲೂ ಇಲ್ಲ, ಬೈಲೂ ಇಲ್ಲ, ತನ್ನ ಪಾಡಿಗೆ ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದಿದಳಂತೆ. ಕಾಡಿಂದ ದೊಡ್ಡ ಹುಳಿ ಬಂತು. ಹುಳಿ ಬಾಲ ಎತ್ತಿ ಗರ್ಜಿಸಿತು.

ಒಳಗಿಂದ ಕಿಸಕ್ ಅಂತು. ಅಯ್ಯೋ ಅವ್ವಾ, ಹುಳಿಗೆ ಬಾಲ ಎಲ್ಲಿಂದ ಬಂತು, ಅನ್ನಕ್ಕೆ ಕಲಸ್ಕೊಂಡು ತಿನ್ನೋದಲ್ವಾ ಅದು, ಹುಲಿ ಅನ್ನು ಹುಲಿ ಅಂತ ಕೆಂಪಾಜಿ ಎಷ್ಟೋ ದಿನಕ್ಕೆ ನಕ್ಕಳಂತೆ. ಹೌದಾ, ನಂಗೇನೋ ಹುಳಿ ಅಂತಲೇ ಕಾಣುತ್ತಮ್ಮ ಅಂತ ಚಿಕ್ಕತಾಯಿ ಮುಂದಕ್ಕೆ ಓದಿದಳಂತೆ. ತೆಪ್ಪದಲ್ಲಿ ಒಬ್ಬ ಹುಡುಗಿ ಮಲಗಿದ್ದಳು. ಹುಳಿ ನೀರಿಗೆ ಹಾರಿತು, ಈಜ್ತಾ ಈಜ್ತಾ... ಅಷ್ಟರಲ್ಲಿ ಅನ್ನ ಉಕ್ಕಿತು ಅಂತ ಪುಸ್ತಕ ಅಲ್ಲೇ ಬೋರಲು ಹಾಕಿ ಎದ್ದು ಹೋದಳಂತೆ.

ಅವ್ವಾ, ಬೇಗ ಬಾ, ಆಮೇಲೇನಾಯ್ತು ಅಂತ ಹುಡುಗಿ ಕೂಗಿದಳಂತೆ. ಅನ್ನ ಬಸೀಬೇಕು ಕಣೇ, ತಡಿ ಅಂತ ಒಳಗಿಂದ ಉತ್ತರ. ಎಲ್ಲಿ ತಡೀತಾಳೆ, ತಾನೇ ಪುಸ್ತಕ ಎತ್ಕೊಂಡಳಂತೆ. ಅನ್ನ ಆರಿ ತಣ್ಣಗಾಯ್ತು, ಮುದ್ದಯ್ಯ ತೆಪ್ಪ ಕಟ್ಟಿ ಬಂದು ಪಕ್ಕದಲ್ಲಿ ಕೂತ, ಹುಡುಗಿ ಓದ್ತಾನೇ ಇದ್ದಳಂತೆ, ಹುಲಿ ಹಾಗೇ ಗುರುಗುಟ್ಟುತ್ತಾ. ಹೊಳೆಯಾಚೆ ಮಂಜಲ್ಲಿ ಬುಟ್ಟಿ ಹೊತ್ತ ಮುದುಕಿ ಕಿವಿಗೊಟ್ಟು ನಿಂತು, ಮೆಲ್ಲಗೆ ಈ ಕಡೆ ತಿರುಗಿದಳಂತೆ.

ಬೆಳಗ್ಗೆ ಕೆಂಪಾಜಿ ಎದ್ದೋಳೇ, ಅವ್ವಾ, ಹುಲಿ ಬೆನ್ನ ಮೇಲೆ ಕೂತು ಹೊಳೆ ದಾಟಿದೆ, ಅದರ ಮೈ ಎಷ್ಟು ಬೆಚ್ಚಗಿತ್ತು ಗೊತ್ತಾ ಅಂದಳಂತೆ. ಚಿಕ್ಕತಾಯಿಗೆ ಅಳು ನಗು ಎರಡೂ ಒಟ್ಟಿಗೇ ಬಂತಂತೆ.

ಆಮೇಲೆ ಮಗಳ ಜೊತೆ ಓದಿ ಓದಿ ಚಿಕ್ಕತಾಯಿಗೆ ಲ, ಳ ಎರಡೂ ಚೆನ್ನಾಗಿ ಬಂತಂತೆ. ಆದ್ರೂ ಸಂಜೆಯಾದ್ರೆ ಜಗಲಿ ಮೇಲೆ ಕೂತು, ಮಗಳು ಒಳಗಿದ್ದಾಳಾ ಅಂತ ಓರೆಗಣ್ಣಲ್ಲಿ ನೋಡ್ಕೊಂಡು, ಬೇಕಂತಲೇ ತಪ್ಪು ಓದೋಳಂತೆ. ನಿದ್ದೆ ಬಂತಾ ಕಂದ? ಮಲಗು ಮತ್ತೆ, ನನ್ನ ಕತೆ ದಡ ಮುಟ್ತು.