ಫೋಟೊಗೆ ಬಿಗಿ ಹಿಡಿದವಳು

"ಗುರುಗಳೇ, ಹನ್ನೆರಡು ವರ್ಷದಿಂದ ನಿಮ್ಮ ಬಳಿ ಇದ್ದೇನೆ. ನನ್ನಲ್ಲಿ ಒಂದು ದೋಷವನ್ನೂ ನೀವು ಎತ್ತಿ ಆಡಿಲ್ಲ. ಆದರೂ ಒಳಗಿನ ಬೇಗುದಿ ಹೋಗಿಲ್ಲ. ಹೀಗೇ ಆದರೆ ಮಠ ಬಿಟ್ಟು ಹೋಗುವುದೇ ವಾಸಿ ಅನಿಸುತ್ತಿದೆ. ನಿಮ್ಮ ಉಪದೇಶ ನನಗೇಕೆ ನಾಟುತ್ತಿಲ್ಲ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಬ್ಬ ಹೆಂಗಸಿನ ಕತೆ ಹೇಳಿದರು.

ಆಕೆ ಏಳೆಂಟು ಹೆಂಗಸರ ಜೊತೆ ಕೂತು ಮಾರಾಟಕ್ಕೆ ಜೋಳದ ರೊಟ್ಟಿ ಬಡಿಯುವವಳು. ಬಾಯಿ ಬಲು ಜೋರು. ಅವಳು ಒಂದು ಮಾತಾಡಿದರೆ ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗಬೇಕು. ಆದರೆ ಎಲ್ಲರನ್ನೂ ನಗಿಸಿ ತಾನು ಮಾತ್ರ ಸೆರಗು ಕಚ್ಚಿಕೊಂಡು ಕೂರುತ್ತಿದ್ದಳು. ನಾಲ್ಕನೆಯ ಹೆರಿಗೆಯಾದ ಮೇಲೆ, ನಕ್ಕರೆ ಸಾಕು ಸೀರೆ ಒದ್ದೆಯಾಗುತ್ತಿತ್ತು. ಕೆಮ್ಮಿದರೂ ಅಷ್ಟೇ. ಹಿಟ್ಟಿನ ಚೀಲ ಎತ್ತಿದರೆ ಕೆಳಗೆ ಏನೋ ಜಾರಿ ಬಂದಂತಾಗುತ್ತಿತ್ತು. ಆರು ವರ್ಷ ಯಾರ ಮುಂದೆಯೂ ಬಾಯಿ ಬಿಡದೆ ಬಿಗಿ ಹಿಡಿದುಕೊಂಡೇ ಬದುಕಿದಳು. ನಗುವ ಆಸೆ ಬೆಟ್ಟದಷ್ಟಿತ್ತು, ನಗುವ ಧೈರ್ಯವಿರಲಿಲ್ಲ.

ಒಂದು ದಿನ ಗಟ್ಟಿ ಮನಸ್ಸು ಮಾಡಿ ಪೇಟೆಯ ಆಸ್ಪತ್ರೆಗೆ ಹೋದಳು. ಅಲ್ಲಿಯ ವೈದ್ಯೆ ಸಮಾಧಾನವಾಗಿ ಎಲ್ಲ ಕೇಳಿದಳು. ಮೂತ್ರಚೀಲ, ಗರ್ಭಕೋಶಗಳನ್ನು ತಳದಲ್ಲಿ ಹೊತ್ತು ನಿಂತ ಸ್ನಾಯುಗಳು ಸಡಿಲವಾಗಿರಬಹುದು, ಯಾವುದು ಎಷ್ಟು ಜಾರಿದೆ ಎಂದು ಎಂಆರ್‌ಐ ಯಂತ್ರದಲ್ಲಿ ಫೋಟೊ ತೆಗೆದು ನೋಡೋಣ ಎಂದಳು.

ಯಂತ್ರದ ಸುರಂಗದಲ್ಲಿ ಅವಳನ್ನು ಅಂಗಾತ ಮಲಗಿಸಿದರು. ಮೊದಲು ಅಲುಗಾಡಬೇಡಿ ಎಂದು ದನಿ ಬಂತು. ಆಮೇಲೆ, ಹೆರಿಗೆಯಲ್ಲಿ ತಿಣುಕಿದ ಹಾಗೆ ಕೆಳಗೆ ಮುಕ್ಕಿರಿ ಎಂದು ಬಂತು. ಅವಳು ಹಲ್ಲು ಕಚ್ಚಿದಳು, ಮುಖ ಕೆಂಪಗೆ ಮಾಡಿಕೊಂಡಳು, ಕಾಲ್ಬೆರಳು ಮಡಿಸಿದಳು. ಕೆಳಗೆ ಮಾತ್ರ ಆರು ವರ್ಷದ ಬಿಗಿಯನ್ನು ಎಳ್ಳಷ್ಟೂ ಬಿಡಲಿಲ್ಲ.

ಫೋಟೊದಲ್ಲಿ ಯಾವುದೂ ಜಾರಿಲ್ಲ, ಎಲ್ಲ ಚೆನ್ನಾಗಿದೆ ಎಂದಳು ವೈದ್ಯೆ. ಇನ್ನೊಬ್ಬರಾಗಿದ್ದರೆ ಕುಣಿದಾಡಿಕೊಂಡು ಮನೆಗೆ ಹೋಗುತ್ತಿದ್ದರು. ಇವಳಿಗೆ ಹತ್ತಿದ್ದು ಬೇರೆಯೇ ಚಿಂತೆ. ರೋಗವೇ ಇಲ್ಲವೆಂದರೆ ಮದ್ದೂ ಇಲ್ಲ, ಇನ್ನು ಸಾಯುವ ತನಕ ಸೆರಗು ಕಚ್ಚುವುದೇ ಗತಿ! ಅವಳು ಗೊಳೋ ಎಂದು ಅತ್ತಳು. ಅಳು ಕೆಮ್ಮಾಯಿತು, ಕೂತ ಕುರ್ಚಿ ಒದ್ದೆಯಾಯಿತು.

ವೈದ್ಯೆ ಒಮ್ಮೆ ಕುರ್ಚಿ ನೋಡಿದಳು, ಒಮ್ಮೆ ಫೋಟೊ ನೋಡಿದಳು. "ಅಕ್ಕಾರ, ಖರೇ ಹೇಳ್ರಿ. ಮುಕ್ಕ್ರಿ ಅಂದಾಗ ಏನ್ ಮಾಡಿದ್ರಿ?"

"ಬಿಗಿ ಹಿಡದ್ನಿರಿ. ಫೋಟೊ ಅಂದ್ರಿ. ಫೋಟೊಕ್ಕ ಯಾರರ ಹೊಟ್ಟಿ ಜೋತು ಬಿಟ್ಕೊಂಡು ನಿಲ್ತಾರೇನ್ರಿ? ನನ್ನ ಮದಿವಿ ಫೋಟೊದಾಗೂ ಉಸಿರು ಹಿಡ್ಕೊಂಡ ನಿಂತೀನಿ. ಮ್ಯಾಲ ಅಷ್ಟ್ ದೊಡ್ಡ ಮಷೀನು, ನನ್ನಿಂದ ಹೊಲಸಾದ್ರ?"

ವೈದ್ಯೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಕೆಳಗ ಹಾಸಿದ ಬಟ್ಟಿ ಅದಕ್ಕ ಇರೋದ್ರೀ ಅಕ್ಕಾ. ನಮಗ ನಿಮ್ಮ ಚಂದ ಬ್ಯಾಡ, ನಿಮ್ಮ ತ್ರಾಸು ಕಾಣಬೇಕು."

ಎರಡನೆಯ ಸಲ ಮಲಗಿದಾಗ ಅವಳು ಕಣ್ಣು ಮುಚ್ಚಿ, ದೇವರ ಮೇಲೆ ಭಾರ ಹಾಕಿ, ಬಿಗಿ ಬಿಟ್ಟು ಮುಕ್ಕಿದಳು. ಬಟ್ಟೆ ಒದ್ದೆಯಾಯಿತು, ಯಾರೂ ಬೈಯಲಿಲ್ಲ. ಫೋಟೊದಲ್ಲಿ ಮೂತ್ರಚೀಲ ಸರ್ರನೆ ಜಾರಿತ್ತು, ಅದರ ಹಿಂದೆಯೇ ಗರ್ಭಕೋಶವೂ ಇಳಿದಿತ್ತು. ವೈದ್ಯೆ ಅದನ್ನು ಬೆರಳಿಟ್ಟು ತೋರಿಸಿದಾಗ ಅವಳು ಚಪ್ಪಾಳೆ ತಟ್ಟಿದಳು. ರೋಗ ಕಂಡು ಅಷ್ಟು ಹಿಗ್ಗಿದವರನ್ನು ಆ ಆಸ್ಪತ್ರೆಯಲ್ಲಿ ಯಾರೂ ನೋಡಿರಲಿಲ್ಲ.

ಶಸ್ತ್ರಚಿಕಿತ್ಸೆಯಾಯಿತು. ಕೆಲವು ತಿಂಗಳು ಸ್ನಾಯುಗಳಿಗೆ ವ್ಯಾಯಾಮವಾಯಿತು. ಮತ್ತೆ ರೊಟ್ಟಿ ಬಡಿಯಲು ಕೂತ ಮೊದಲ ದಿನವೇ, ಪಕ್ಕದವಳು ಹೇಳಿದ ಒಂದು ಸಪ್ಪೆ ಮಾತಿಗೆ ಬಾಯಿ ತುಂಬ ನಕ್ಕಳು. ನಕ್ಕು ಮುಗಿಯುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು.

ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. "ಎಂಥ ಪೆದ್ದಿ ಗುರುಗಳೇ! ರೋಗ ತೋರಿಸಲು ಹೋಗಿ ಅದನ್ನೇ ಮುಚ್ಚಿಟ್ಟುಕೊಂಡಳಲ್ಲ!"

"ನೀನು ಹನ್ನೆರಡು ವರ್ಷದಿಂದ ನನ್ನ ಮುಂದೆ ಫೋಟೊಗೇ ಕೂತಿದ್ದೀಯಲ್ಲ ಮಗು," ಎಂದರು ಗುರುಗಳು.